ಮೋಟಾರು ಕಾರಿನ ಮಾರ್ಗದರ್ಶಕ ಯಂತ್ರ: ಅದರ ತತ್ತ್ವ ಮತ್ತು ಬಳಕೆ

ಮೋಟಾರು ಕಾರಿನಲ್ಲಿ ಅಳವಡಿಸುವ ಜಿ.ಪಿ.ಎಸ್. ಮಾರ್ಗದರ್ಶಕ ಯಂತ್ರವು ಈಗ ನಮ್ಮ ಊರುಗಳಲ್ಲಿ ಅಪರೂಪದ ವಸ್ತುವಲ್ಲ. ಪ್ರತ್ಯೇಕ ಯಂತ್ರವಾಗಿಯೋ, ಕಾರಿನೊಡನೆಯೇ ಬರುವ ಪರದೆಯಾಗಿಯೋ, ಕಿಸೆಯಲ್ಲಿರುವ ಮೊಬೈಲ್ ಫೋನಿನ ಒಂದು ಅಂಗವಾಗಿಯೋ ಅದು ಬಹುಮಂದಿಗೆ ಪರಿಚಿತವಾಗಿದೆ. ಆದರೆ ಪರಿಚಯವಿರುವಷ್ಟು ಅದರ ಸ್ವರೂಪಜ್ಞಾನವೂ ಇದೆಯೆಂದು ಹೇಳಲಾಗದು. ಆಕಾಶದಲ್ಲಿರುವ ಉಪಗ್ರಹವು ನಮ್ಮ ಕಾರನ್ನು ನೋಡುತ್ತಿದ್ದು, ದಾರಿಯನ್ನು ಅಲ್ಲಿಂದಲೇ ತೋರಿಸುತ್ತದೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ವಸ್ತುಸ್ಥಿತಿ ಹಾಗಿಲ್ಲ. ಉಪಗ್ರಹವು ಕಾರನ್ನು ನೋಡುವುದೂ ಇಲ್ಲ, ದಾರಿಯನ್ನು ಅರಿತೂ ಇಲ್ಲ. ಯಂತ್ರವು ಹೇಳುವ ಮಾತಿನಲ್ಲಿ ಎರಡು ಬೇರೆಬೇರೆ ಜ್ಞಾನಗಳು ಬೆರೆತಿವೆ. ಕಾರು ಎಲ್ಲಿದೆಯೆಂಬುದು ಆಕಾಶದಿಂದ ಬಂದ ಜ್ಞಾನ. ಅಲ್ಲಿರುವುದು ಯಾವ ರಸ್ತೆ, ಎತ್ತ ತಿರುಗಬೇಕು ಎಂಬುದು ಮನುಷ್ಯರು ಸಿದ್ಧಪಡಿಸಿದ ನಕ್ಷೆಯಿಂದ ಬಂದ ಜ್ಞಾನ. ಇವೆರಡನ್ನೂ ಬೇರ್ಪಡಿಸಿ ನೋಡದೆ ಯಂತ್ರವನ್ನು ನಂಬುವುದೂ ಸರಿಯಲ್ಲ, ನಿಂದಿಸುವುದೂ ಸರಿಯಲ್ಲ. ದಾವಣಗೆರೆಯ ನಿಟ್ಟುವಳ್ಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸ್ಥಾನನಿರ್ಣಯದ ವಿಚಾರ. ವಿಲಿಯಂ ಲ್ಯಾಂಬ್ಟನ್ನನು ೧೮೦೨ರಲ್ಲಿ ಮದರಾಸಿನಲ್ಲಿಯೂ ೧೮೦೪ರಲ್ಲಿ ಬೆಂಗಳೂರಿನಲ್ಲಿಯೂ ಆಧಾರರೇಖೆಗಳನ್ನಳೆದು, ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಗುರುತಿಸುತ್ತ ತ್ರಿಕೋನಮಾಪನದ ಜಾಲವನ್ನು ಹೆಣೆದುದು ಭೂಗೋಳದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಲ್ಯಾಂಬ್ಟನ್ನನು ಕೋನಗಳನ್ನಳೆದನು; ಕಾರಿನಲ್ಲಿರುವ ಯಂತ್ರವು ದೂರಗಳನ್ನಳೆಯುತ್ತದೆ. ಬೆಟ್ಟಗಳ ಸ್ಥಾನದಲ್ಲಿ ಇಲ್ಲಿ ಉಪಗ್ರಹಗಳಿವೆ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ, ೨೪ಕ್ಕೆ ಕಡಿಮೆಯಿಲ್ಲದಂತೆ, ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ ತಾನಿರುವ ಕಕ್ಷೆಯನ್ನೂ ಆ ಕ್ಷಣದ ವೇಳೆಯನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಅಲೆಯು ಹೊರಟ ವೇಳೆಗೂ ತಲಪಿದ ವೇಳೆಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುತ್ತದೆ. ಉಪಗ್ರಹವು ನೆತ್ತಿಯ ಮೇಲಿದ್ದಾಗ ಈ ಅಂತರವು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು. ಮೂರು ದೂರಗಳಿಂದ ಸ್ಥಾನವನ್ನು ಗೊತ್ತುಪಡಿಸಬಹುದಷ್ಟೆ. ಆದರೆ ಯಂತ್ರದಲ್ಲಿರುವ ಗಡಿಯಾರವು ಸಾಮಾನ್ಯವಾದುದರಿಂದ, ಅದರ ತಪ್ಪನ್ನು ತಿಳಿಯಲು ನಾಲ್ಕನೆಯ ಉಪಗ್ರಹವೂ ಬೇಕಾಗುತ್ತದೆ.

ಇಲ್ಲಿ ಸರ್ವಸ್ವವೂ ಕಾಲದ ನಿಖರತೆಯನ್ನು ಅವಲಂಬಿಸಿದೆ. ಸೆಕೆಂಡಿನ ಹತ್ತುಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ ೩೦೦ ಮೀಟರು ತಪ್ಪುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿರಿಸಿದ್ದಾರೆ. ಐನ್‌ಸ್ಟೈನನ ಸಾಪೇಕ್ಷ ಸಿದ್ಧಾಂತಕ್ಕನುಗುಣವಾಗಿ ಆ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು ೩೮ ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಇದನ್ನು ಸರಿಪಡಿಸದೆ ಬಿಟ್ಟಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕಿದ ದೋಷವು ಸಂಗ್ರಹವಾಗುತ್ತಿತ್ತು. ಎಂದರೆ ಹರಿಹರದಲ್ಲಿರುವವನು ಹೆಚ್ಚು ಕಡಮೆ ದಾವಣಗೆರೆಯ ಹತ್ತಿರ ಇರುವಂತೆ ತೋರುತ್ತಿದ್ದನು. ಅಮೆರಿಕ ಸರ್ಕಾರವು ಸಾರ್ವಜನಿಕರ ಪಾಲಿನ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ೨೦೦೦ದ ಮೇ ತಿಂಗಳಲ್ಲಿ ನಿಲ್ಲಿಸಿತು. ಕಾರುಗಳಲ್ಲಿ ಇದರ ಬಳಕೆ ಹಬ್ಬಿದುದು ಮುಖ್ಯವಾಗಿ ಆ ಬಳಿಕ. ಬಯಲಿನಲ್ಲಿ, ಆಕಾಶವು ತೆರೆದಿದ್ದಾಗ, ಈಗ ಸಾಮಾನ್ಯ ಯಂತ್ರದ ದೋಷವು ಸುಮಾರು ೫ ಮೀಟರು. ಎತ್ತರದ ಕಟ್ಟಡಗಳ ನಡುವೆ ಅಲೆಗಳು ಗೋಡೆಗೆ ತಾಗಿ ಹೊರಳಿ ಬರುವುದರಿಂದ ಅದು ಹೆಚ್ಚುತ್ತದೆ.

ನಮ್ಮ ದೇಶವೂ ಈ ದಿಶೆಯಲ್ಲಿ ಸ್ವತಂತ್ರವಾಗಿ ಪ್ರಯತ್ನಿಸಿದೆ. ಈ ಪ್ರಯತ್ನದ ಮೊದಲ ಉಪಗ್ರಹವು ೨೦೧೩ರ ಜುಲೈ ೧ರಂದು, ಏಳನೆಯದು ೨೦೧೬ರ ಏಪ್ರಿಲ್ ೨೮ರಂದು ಉಡಾವಣೆಗೊಂಡವು. ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಾಯಿತು. ಇದರ ನಿರ್ವಹಣೆಯಲ್ಲಿ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವೂ ಬೆಂಗಳೂರಿನ ಸಮೀಪದ ಬ್ಯಾಲಾಳು ಕೇಂದ್ರವೂ ಪಾಲುಗೊಂಡಿರುವುದು ಕನ್ನಡಿಗರಿಗೆ ಗಮನಾರ್ಹ. ಮುಂದೆ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳೇ ಕೆಟ್ಟು ವ್ಯವಸ್ಥೆಗೆ ತೊಡಕಾದುದು, ಗಡಿಯಾರವೇ ಈ ವಿದ್ಯೆಯ ಜೀವಾಳವೆಂಬುದಕ್ಕೆ ನಿದರ್ಶನ.

ಇಷ್ಟರಿಂದ ಯಂತ್ರಕ್ಕೆ ದೊರೆತುದು ಅಕ್ಷಾಂಶ ರೇಖಾಂಶಗಳೆಂಬ ಎರಡು ಸಂಖ್ಯೆಗಳು ಮಾತ್ರ. ದಾವಣಗೆರೆಯು ಸ್ಥೂಲವಾಗಿ ಉತ್ತರ ಅಕ್ಷಾಂಶ ೧೪.೪೬, ಪೂರ್ವ ರೇಖಾಂಶ ೭೫.೯೨ ಡಿಗ್ರಿಗಳಲ್ಲಿದೆ. ದಶಾಂಶದ ಮೂರನೆಯ ಸ್ಥಾನದಲ್ಲಿ ಒಂದು ಅಂಕ ಬದಲಾದರೆ ನೆಲದ ಮೇಲೆ ಸುಮಾರು ೧೧೦ ಮೀಟರು ಬದಲಾಗುತ್ತದೆ. ಒತ್ತಾಗಿರುವ ಬಡಾವಣೆಯಲ್ಲಿ ಅಷ್ಟರೊಳಗೆ ಒಂದೆರಡು ಅಡ್ಡರಸ್ತೆಗಳು ದಾಟಿಹೋಗುತ್ತವೆ. ಈ ಸಂಖ್ಯೆಗಳಿಗೆ ರಸ್ತೆಯ ಅರ್ಥವನ್ನು ಕೊಡುವುದು ಯಂತ್ರದ ಸ್ಮೃತಿಕೋಶದಲ್ಲಿರುವ ನಕ್ಷೆ. ಅದರಲ್ಲಿ ಪ್ರತಿಯೊಂದು ಕೂಡುರಸ್ತೆಯೂ ಒಂದು ಬಿಂದು, ಎರಡು ಕೂಡುರಸ್ತೆಗಳ ನಡುವಣ ದಾರಿಯು ಒಂದು ರೇಖೆ. ರೇಖೆಯೊಂದಿಗೆ ಅದರ ಉದ್ದ, ಹೆಸರು, ಏಕಮುಖವೋ ದ್ವಿಮುಖವೋ ಎಂಬ ವಿವರಗಳು ಸೇರಿರುತ್ತವೆ. ಇಂತಹ ಜಾಲದಲ್ಲಿ ಅತ್ಯಲ್ಪ ದೂರದ ದಾರಿಯನ್ನು ಕಂಡುಹಿಡಿಯುವ ಕ್ರಮವನ್ನು ಡಚ್ ಗಣಿತಜ್ಞ ಡೈಕ್‌ಸ್ಟ್ರಾ ೧೯೫೯ರಲ್ಲಿ ಪ್ರಕಟಿಸಿದನು. ಇಂದಿನ ಮಾರ್ಗಗಣನೆಗೆ ಅದೇ ತಳಹದಿ.

ಕಾರು ರಸ್ತೆಯ ಮೇಲೆಯೇ ಇದೆಯೆಂದು ಭಾವಿಸಿಕೊಂಡು ಯಂತ್ರವು ತಾನು ಕಂಡ ಸ್ಥಾನವನ್ನು ಹತ್ತಿರದ ರೇಖೆಗೆ ಎಳೆದು ಕೂಡಿಸುತ್ತದೆ. ಹೆದ್ದಾರಿಯೂ ಅದರ ಪಕ್ಕದ ಸರ್ವಿಸ್ ರಸ್ತೆಯೂ ಕೆಲವೇ ಮೀಟರುಗಳ ಅಂತರದಲ್ಲಿ ಸಾಗುವಲ್ಲಿ ೫ ಮೀಟರಿನ ದೋಷವೂ ಯಂತ್ರವನ್ನು ಮೋಸಗೊಳಿಸಬಲ್ಲದು. ಕಾರು ನಿಂತಿರುವಾಗ ಅದು ಯಾವ ದಿಕ್ಕಿಗೆ ಮುಖಮಾಡಿದೆಯೆಂಬುದೂ ಉಪಗ್ರಹಗಳಿಂದ ಮಾತ್ರವೇ ತಿಳಿಯದು. ಹತ್ತಿಪ್ಪತ್ತು ಮೀಟರು ಚಲಿಸಿದ ಮೇಲೆ ಅದು ಸ್ಪಷ್ಟವಾಗುತ್ತದೆ.

ಇನ್ನು ಹೆಸರಿನ ಪ್ರಶ್ನೆ. ಬಹುಪಾಲು ತೊಡಕುಗಳು ಹುಟ್ಟುವುದು ಇಲ್ಲಿಯೇ. ನಿಟ್ಟುವಳ್ಳಿ ಎಂಬ ಹೆಸರಿನ ಕೊನೆಯಲ್ಲಿರುವುದು 'ಪಳ್ಳಿ' ಶಬ್ದವೆಂದೂ, ಆದೇಶದಿಂದ ಪಕಾರವು ವಕಾರವಾಗಿದೆಯೆಂದೂ ತಿಳಿಯಬಹುದು. ನಗರದ ಬಡಾವಣೆಯಾದರೂ ಹೆಸರಿನಲ್ಲಿ ಹಳ್ಳಿಯು ಉಳಿದಿದೆ. ಕನ್ನಡದಲ್ಲಿಯೇ ಇದನ್ನು ನಿಟ್ಟುವಳ್ಳಿ ಎಂದೂ ನಿಟುವಳ್ಳಿ ಎಂದೂ ಬರೆಯುವುದುಂಟು. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಭೇದವೇ ಇಲ್ಲ. ದಾವಣಗೆರೆಯ ಹೆಸರೂ ಆ ಲಿಪಿಯಲ್ಲಿ ಎರಡು ಬಗೆಯಾಗಿ ಪ್ರಚಾರದಲ್ಲಿದೆ. ಅಕ್ಷರವನ್ನು ಹೋಲಿಸಿ ಹುಡುಕುವ ಯಂತ್ರಕ್ಕೆ ಇವು ಬೇರೆಬೇರೆ ಊರುಗಳಂತೆ ತೋರಿದರೆ ಆಶ್ಚರ್ಯವಿಲ್ಲ. ಇದರ ಮೇಲೆ 'ಒಂದನೇ ಮೈನ್, ಐದನೇ ಕ್ರಾಸ್' ಎಂಬ ವಿಳಾಸಗಳು ಬಡಾವಣೆ ಬಡಾವಣೆಗೂ ಪುನರಾವರ್ತನೆಯಾಗುತ್ತವೆ. ನಮ್ಮ ಜನ ಮನೆಯನ್ನು ಹುಡುಕುವುದು ಅಂಕಿಯಿಂದಲ್ಲ. ದೇವಸ್ಥಾನದ ಹಿಂದೆ, ಹಿಟ್ಟಿನ ಗಿರಣಿಯ ಎದುರಿಗೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಎಂಬ ಗುರುತುಗಳಿಂದ. ನಕ್ಷೆಯಲ್ಲಿ ದಾಖಲಾಗದ ಗುರುತು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಕಾಲವೂ ಹೆಸರುಗಳನ್ನು ಬದಲಿಸುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯು ಪುಣೆ–ಬೆಂಗಳೂರು ಹೆದ್ದಾರಿಯ ಹಳೆಯ ನೆನಪು. ೪ನೇ ಸಂಖ್ಯೆಯ ಆ ರಾಷ್ಟ್ರೀಯ ಹೆದ್ದಾರಿಯ ಈ ಭಾಗವು ೨೦೧೦ರ ಮರುಸಂಖ್ಯೆಯಲ್ಲಿ ೪೮ ಆಯಿತು. ಅದರ ವಾಹನಸಂಚಾರವು ಊರ ಹೊರಗಿನ ದಾರಿಗೆ ಸರಿದಿದೆ. ೨೦೧೪ರ ನವೆಂಬರ್ ೧ರಂದು ಶಿವಮೊಗ್ಗವೂ ಸೇರಿ ಹನ್ನೆರಡು ನಗರಗಳ ಇಂಗ್ಲಿಷ್ ಬರಹ ಬದಲಾಯಿತು. ಅದಕ್ಕೆ ಮೊದಲು ಕೊಂಡ ಯಂತ್ರದ ನಕ್ಷೆಯನ್ನು ನವೀಕರಿಸದಿದ್ದರೆ, ಹೊನ್ನಾಳಿಯ ಮೇಲೆ ಶಿವಮೊಗ್ಗಕ್ಕೆ ಹೊರಟವನಿಗೆ ಹೊಸ ಬರಹದಲ್ಲಿ ಆ ಊರೇ ಸಿಕ್ಕದಿರಬಹುದು. ಉಪಗ್ರಹದ ತಪ್ಪು ಇದರಲ್ಲಿ ಏನೂ ಇಲ್ಲ.

ಯಂತ್ರವನ್ನು ಇಟ್ಟುಕೊಂಡವರು ಗಮನಿಸಬೇಕಾದ ಕೆಲವು ಸಂಗತಿಗಳು ಇದರಿಂದ ಹೊರಡುತ್ತವೆ. ಪ್ರತ್ಯೇಕ ಯಂತ್ರದಲ್ಲಿ ನಕ್ಷೆಯು ಒಳಗೇ ಇರುವುದರಿಂದ ಮೊಬೈಲ್ ಸಂಪರ್ಕವಿಲ್ಲದ ಕಡೆಯೂ ಅದು ಕೆಲಸಮಾಡುತ್ತದೆ. ಆದರೆ ಆ ನಕ್ಷೆಯನ್ನು ಆಗಾಗ ನವೀಕರಿಸುವ ಹೊಣೆ ಒಡೆಯನದು. ಫೋನಿನ ನಕ್ಷೆಯು ಸಾಮಾನ್ಯವಾಗಿ ಹೊಸದು; ಆದರೆ ಮೊದಲೇ ಇಳಿಸಿಕೊಂಡಿರದಿದ್ದರೆ ಸಂಪರ್ಕ ತಪ್ಪಿದಲ್ಲಿ ಅದು ದೊರೆಯದು. ಬಹುದಿನ ಮುಚ್ಚಿಟ್ಟ ಯಂತ್ರವು ಉಪಗ್ರಹಗಳ ಪೂರ್ಣ ಪಟ್ಟಿಯನ್ನು ಆಕಾಶದಿಂದಲೇ ಪಡೆಯಬೇಕಾದರೆ ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಆದಕಾರಣ ತೆರೆದ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಹೊರಡುವುದು ಮೇಲು. ಜಿ.ಪಿ.ಎಸ್. ಮೂಲಸಂಕೇತವು ವಾರಗಳನ್ನು ೦ಯಿಂದ ೧೦೨೩ರವರೆಗೆ ಎಣಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಹೀಗಾಯಿತು. ಹಳೆಯ ಯಂತ್ರವೊಂದು ಇಪ್ಪತ್ತು ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತಿದ್ದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಚಾಲನೆಯಲ್ಲಿರುವಾಗ ಕೈಯಲ್ಲಿ ಹಿಡಿಯುವ ಸಾಧನವನ್ನು ಮಾರ್ಗದರ್ಶನಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಬಳಸಲು ೨೦೨೦ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳು ಅವಕಾಶವಿತ್ತವು. ಹೊರಡುವ ಮುನ್ನವೇ ಗುರಿಯನ್ನು ನಮೂದಿಸುವುದು ಕ್ಷೇಮ.

ದಾರಿ ತಪ್ಪಿ ಹತ್ತು ನಿಮಿಷ ಕಳೆಯುವುದು ಪ್ರವಾಸಿಗೆ ಅಲ್ಪನಷ್ಟ. ಆದರೆ ಅದೇ ನಕ್ಷೆಯನ್ನು ನಂಬಿ ರಾತ್ರಿಯ ವೇಳೆಯಲ್ಲಿ ರೋಗಿಯ ಮನೆಯನ್ನು ಹುಡುಕುವ ಆಂಬುಲೆನ್ಸಿಗೆ ಹತ್ತು ನಿಮಿಷವು ಅಲ್ಪವಲ್ಲ. ಆಕಾಶದ ಗಡಿಯಾರಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಬೀದಿಯ ಹೆಸರನ್ನು ತಿದ್ದುವುದು ನಮ್ಮ ಕೈಯಲ್ಲಿದೆ. ೨೦೨೧ರ ಫೆಬ್ರವರಿ ೧೫ರಂದು ಭಾರತ ಸರ್ಕಾರವು ನಕ್ಷೆಗಳ ರಚನೆಯ ಮೇಲಿದ್ದ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ೨೦೦೪ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಯಾರು ಬೇಕಾದರೂ ರಸ್ತೆಯ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಸೇರಿಸಬಹುದಾಗಿದೆ. ಕಾಲೇಜಿನ ಭೂಗೋಳ ಮತ್ತು ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಜೊತೆಗೂಡಿ ವರ್ಷಕ್ಕೊಂದು ಬಡಾವಣೆಯನ್ನು ಕಾಲ್ನಡಿಗೆಯಿಂದ ಸುತ್ತಿ, ಪ್ರತಿಯೊಂದು ಅಡ್ಡರಸ್ತೆಯ ಹೆಸರನ್ನೂ, ಜನ ಬಳಸುವ ಗುರುತುಗಳನ್ನೂ, ಏಕಮುಖ ದಾರಿಗಳನ್ನೂ ನಿವಾಸಿಗಳಿಂದ ಕೇಳಿ ತಿಳಿದು ದಾಖಲಿಸಿದರೆ, ಅದು ಕ್ಷೇತ್ರಕಾರ್ಯದ ಒಳ್ಳೆಯ ಶಿಕ್ಷಣವೂ ಆದೀತು, ಊರಿಗೆ ಉಪಯುಕ್ತವೂ ಆದೀತು. ಈ ಕಾರ್ಯವನ್ನು ನಿಟ್ಟುವಳ್ಳಿಯಿಂದಲೇ ಆರಂಭಿಸಬಹುದು.