ಮುಕ್ಡೆನ್‌ನಲ್ಲೇ ಉಳಿದಿದ್ದರೆ?

1916ರ ಜೂನಿನಲ್ಲಿ ಅಧ್ಯಕ್ಷ ಯುವಾನ್ ಶಿಕಾಯ್ ಸತ್ತ ಮೇಲೆ ಚೀನಾ ಹರಿದು ಹಂಚಿಹೋಯಿತು. ಬೀಜಿಂಗಿನಲ್ಲಿ ಹೆಸರಿಗೊಂದು ಸರ್ಕಾರವಿತ್ತು. ತೆರಿಗೆ ಎತ್ತುವುದು, ದಂಡು ಕಟ್ಟುವುದು ಪ್ರಾಂತಗಳ ಸೇನಾ ಪಾಳೆಯಗಾರರ ಪಾಲಾಯಿತು. 1919ರಲ್ಲಿ ಬ್ರಿಟನ್, ಅಮೆರಿಕ ಮೊದಲಾದ ದೇಶಗಳು ಚೀನಾಕ್ಕೆ ಆಯುಧ ಮಾರುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಬಂದೂಕುಗಳು ಕಳ್ಳದಾರಿಯಲ್ಲಿ ಬರುತ್ತಲೇ ಇದ್ದವು. ಆದರೂ ಆಯುಧವನ್ನು ಅಲ್ಲೇ ತಯಾರಿಸಿಕೊಡಬಲ್ಲ ವಿದೇಶಿಗನಿಗೆ ಒಳ್ಳೆಯ ಬೇಡಿಕೆ ಬಂತು.

ಅಂಥವನೊಬ್ಬ ಫ್ರಾನ್ಸಿಸ್ ಸಟನ್. ಬ್ರಿಟಿಷ್ ಸೇನೆಯ ಈ ಎಂಜಿನಿಯರ್ 1915ರಲ್ಲಿ ಗಲಿಪೊಲಿಯ ಕದನದಲ್ಲಿ, ತುರ್ಕರು ಎಸೆದ ಗ್ರೆನೇಡುಗಳನ್ನು ಅವರತ್ತಲೇ ತಿರುಗಿ ಎಸೆಯುತ್ತಿದ್ದಾಗ ಬಲಗೈ ಕಳೆದುಕೊಂಡ. ಸೈಬೀರಿಯಾದಲ್ಲಿ ಗಣಿ ವ್ಯವಹಾರ ನಡೆಸಿ ಚೀನಾಕ್ಕೆ ಬಂದವನು, ಕೊನೆಗೆ ಮಂಚೂರಿಯಾದ ಒಡೆಯ ಜಾಂಗ್ ಜುವೊಲಿನ್‌ನ ಬಳಿ ನೆಲೆ ಕಂಡ. ಮುಕ್ಡೆನ್‌ನ, ಅಂದರೆ ಇಂದಿನ ಶೆನ್ಯಾಂಗ್‌ನ, ಆಯುಧ ಕಾರ್ಖಾನೆಯಲ್ಲಿ ಅವನ ಕಸುಬು ಸ್ಟೋಕ್ಸ್ ಮಾರ್ಟರ್ ತಯಾರಿಕೆ. ಆಧಾರಕ್ಕೆ ನಿಲ್ಲಿಸಿದ ಒಂದು ಕೊಳವೆ, ಅದರ ಬಾಯಿಂದ ಒಳಗೆ ಜಾರಿಸುವ ಗುಂಡು, ಇಷ್ಟೇ ಅದರ ರಚನೆ. ದೊಡ್ಡ ಫಿರಂಗಿ ಎರಕಹೊಯ್ಯುವ ಸೌಕರ್ಯವಿಲ್ಲದ ಕಡೆ ಇದಕ್ಕಿಂತ ಅನುಕೂಲದ ಆಯುಧ ಇರಲಿಲ್ಲ.

1920ರ ದಶಕದ ಕೊನೆಗೆ ಸಟನ್ ಗಳಿಸಿದ ಹಣದೊಂದಿಗೆ ಕೆನಡಾ ಸೇರಿದ. ಅವನು ಮುಕ್ಡೆನ್‌ನಲ್ಲೇ ಉಳಿದಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇ? ಕಲ್ಪಿತ ಇತಿಹಾಸ ಬರೆಯುವವರಿಗೆ ಇದು ರುಚಿಸುವ ಪ್ರಶ್ನೆ. ಆದರೆ ವಿದೇಶಿ ಅಧಿಕಾರಿಗೆ ಅಲ್ಲಿ ಸ್ವಂತ ದಂಡಿರಲಿಲ್ಲ, ನೆಲವಿರಲಿಲ್ಲ, ಬಂಧುಬಳಗವಿರಲಿಲ್ಲ. ಒಡೆಯನ ಉಸಿರಿರುವಷ್ಟು ದಿನ ಅವನ ಪದವಿ. 1928ರ ಜೂನ್ 4ರಂದು ಜಪಾನಿನ ಕ್ವಾಂಟುಂಗ್ ಸೇನೆಯ ಅಧಿಕಾರಿಗಳು ಜಾಂಗ್‌ನ ರೈಲಿಗೆ ಬಾಂಬಿಟ್ಟು ಅವನನ್ನು ಕೊಂದರು. ಕಥೆಗಾರ ಆ ಬಾಂಬನ್ನು ಸಿಡಿಯದಂತೆ ಮಾಡಬಹುದು. ಆಗಲೂ ಮಂಚೂರಿಯಾದ ಮುಖ್ಯ ರೈಲುದಾರಿ ಜಪಾನಿನ ಕೈಯಲ್ಲೇ ಇರುತ್ತದೆ, ಅದರ ಕಾವಲಿಗೆ ಜಪಾನಿನ ಸೈನಿಕರೇ ಇರುತ್ತಾರೆ. 1931ರ ಸೆಪ್ಟೆಂಬರಿನಲ್ಲಿ ಮುಕ್ಡೆನ್ ಜಪಾನಿನ ವಶವಾದಾಗ ಆಯುಧ ಕಾರ್ಖಾನೆಯೂ ಅದರ ಜತೆಗೇ ಹೋಯಿತು. ಜಾಂಗ್ ಬದುಕಿದ್ದರೆ ಹೋರಾಡುತ್ತಿದ್ದನೇನೋ. ಗೆಲ್ಲುತ್ತಿದ್ದನೆಂದು ನಂಬುವುದು ಕಷ್ಟ.

ಮಂಚೂರಿಯಾದಲ್ಲೇ ಉಳಿದ ವಿದೇಶಿಗರೂ ಇದ್ದರು. ಕ್ರಾಂತಿಯಿಂದ ನೆಲೆ ತಪ್ಪಿದ ರಷ್ಯನ್ ಸೇನಾಪತಿ ಕಾನ್‌ಸ್ಟಾಂಟಿನ್ ನೆಚಾಯೆವ್, ಜಾಂಗ್ ಜುವೊಲಿನ್‌ನ ಅಂಕಿತದಲ್ಲಿದ್ದ ಪಾಳೆಯಗಾರ ಜಾಂಗ್ ಜೊಂಗ್‌ಚಾಂಗ್‌ಗಾಗಿ ರಷ್ಯನ್ನರ ದಂಡು ಕಟ್ಟಿ ಕಾದಿದ. ಆ ದಂಡಿನ ಕವಚ ತೊಟ್ಟ ರೈಲುಗಳಿಗೆ ಎದುರಾಳಿಗಳು ಹೆದರುತ್ತಿದ್ದರು. 1945ರಲ್ಲಿ ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿದಾಗ ಅವನು ಸೆರೆಯಾದ, ಮರುವರ್ಷ ಗುಂಡಿಗೆ ಬಲಿಯಾದ. ಕೆನಡಾದಲ್ಲಿ ಹಣ ಕಳೆದುಕೊಂಡ ಸಟನ್ ಮತ್ತೆ ಪೂರ್ವಕ್ಕೆ ಬಂದು, 1944ರಲ್ಲಿ ಹಾಂಗ್‌ಕಾಂಗ್‌ನ ಸ್ಟ್ಯಾನ್ಲಿ ಬಂಧನ ಶಿಬಿರದಲ್ಲಿ ಜಪಾನೀಯರ ಸೆರೆಯಾಳಾಗಿ ತೀರಿಕೊಂಡ.