ಹಳೆಯ ಕಾರಿನ ಪವರ್ ಸ್ಟಿಯರಿಂಗ್: ಬಿಚ್ಚುವ ಮುನ್ನ, ಕೂಡಿಸುವಾಗ

ಅರಕೆರೆಯಿಂದ ಶ್ರೀರಂಗಪಟ್ಟಣದತ್ತ ಸಾಗುವಾಗ ಕಬ್ಬು ಹೇರಿದ ಗಾಡಿ ಎದುರಾದರೆ ಕಾರಿನವನು ಕೂಡಲೇ ಅಂಚಿಗೆ ಸರಿಯಬೇಕು. ಆ ಗಳಿಗೆಯಲ್ಲಿ ಸ್ಟಿಯರಿಂಗ್ ಕೈಗೊಪ್ಪದೆ ಭಾರವಾದರೆ ಆಗಬಹುದಾದ ಅನಾಹುತವನ್ನು ವಾಚಕರು ಊಹಿಸಬಲ್ಲರು. ನಮ್ಮ ಬಂಧುಗಳೊಬ್ಬರ ಹಳೆಯ ಕಾಂಟೆಸಾ ಕಾರಿಗೆ ಇಂಥದೇ ಪ್ರಸಂಗವೊದಗಿತು. ಶಿವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ದುರಸ್ತಿಗೆ ಒಯ್ದ ಕಡೆ, ಇಡೀ ಸ್ಟಿಯರಿಂಗ್ ಜೋಡಣೆಯನ್ನೇ ಬದಲಿಸಬೇಕು, ಸಾಮಾನು ಸಿಗುವುದಿಲ್ಲ, ಗುಜರಿಗೆ ಕೊಡುವುದೇ ಲೇಸು ಎಂದರಂತೆ. ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಕೆಟ್ಟಿದ್ದುದು ಪಂಪಿನ ಒಂದು ಆಯಿಲ್ ಸೀಲು ಮಾತ್ರ!

ಕಾಂಟೆಸಾ ತಯಾರಾದದ್ದು 1984ರಿಂದ 2002ರವರೆಗೆ. ಸಾಮಾನು ಅಪರೂಪವೆಂಬ ಮಾತು ಸುಳ್ಳಲ್ಲ. ಆದರೆ ಸೀಲು, ಓ-ರಿಂಗುಗಳನ್ನು ಅಳತೆ ಹಿಡಿದು ಹುಡುಕಬಹುದು. ಅವಕ್ಕೆ ಕಾರಿನ ಹೆಸರು ಬೇಕಿಲ್ಲ. ಅಮೆರಿಕದ ಕ್ರೈಸ್ಲರ್ ಸಂಸ್ಥೆ 1951ರಲ್ಲಿ ಮಾರಾಟದ ಕಾರಿಗೆ ಪವರ್ ಸ್ಟಿಯರಿಂಗ್ ಅಳವಡಿಸಿದಂದಿನಿಂದ ಎಣ್ಣೆಯ ಒತ್ತಡದಿಂದ ನಡೆಯುವ ಈ ಏರ್ಪಾಡಿನ ತತ್ತ್ವ ಒಂದೇ: ಇಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತಡದಿಂದ ನೂಕುತ್ತದೆ, ಆ ಒತ್ತಡ ಚಾಲಕನ ತೋಳಿಗೆ ನೆರವಾಗುತ್ತದೆ. ಎಣ್ಣೆ ಸೋರಿಹೋದರೆ ಚಕ್ರ ತಿರುಗದೆ ಇರುವುದಿಲ್ಲ, ಆದರೆ ಬಹಳ ಭಾರವಾಗುತ್ತದೆ. ಅಪಾಯವಿರುವುದು ಅದರ ಅನಿರೀಕ್ಷಿತತೆಯಲ್ಲಿ.

ಪಂಪನ್ನು ಇಳಿಸುವ ಮುನ್ನ ಇಂಜಿನ್ ತಣ್ಣಗಾಗಬೇಕು, ಎಣ್ಣೆ ಬಸಿಯಬೇಕು. ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವವರುಂಟು. ಅದು ಶುದ್ಧ ಅವಿವೇಕ. ಪುಲ್ಲರಿನಿಂದಲೇ ಎಳೆಯಬೇಕು, ಇಲ್ಲವಾದರೆ ಒಳಗಿನ ದಂಡವೂ ಬೇರಿಂಗೂ ಕೆಡುತ್ತವೆ. ಬಹುಪಾಲು ಪಂಪುಗಳ ಒಡಲಲ್ಲಿ ಒಂದು ರೋಟರ್, ಅದರ ಸೀಳುಗಳಲ್ಲಿ ಜಾರುವ ತೆಳು ಲೋಹದ ಎಸಳುಗಳು, ಸುತ್ತ ಒಂದು ಉಂಗುರ. ಎಸಳಿನ ದುಂಡಾದ ಅಂಚು ಹೊರಗಿನ ಉಂಗುರದ ಕಡೆಗಿರಬೇಕು. ತಿರುಗಿಸಿ ಕೂಡಿಸಿದರೆ ಪಂಪು ನರಳುತ್ತದೆ, ಉಂಗುರ ಗೀಚಿಹೋಗುತ್ತದೆ. ವಾಕ್ಯವನ್ನು ಪದಪದವಾಗಿ ಬಿಡಿಸುವಾತನಿಗೆ ಅನ್ವಯ ನೆನಪಿರಬೇಕಷ್ಟೆ. ಇಲ್ಲಿಯೂ ಪ್ರತಿ ಭಾಗಕ್ಕೆ ಗುರುತು ಮಾಡಿ, ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಹರಡಬೇಕು. ಮರಳಿನ ಒಂದು ಕಣ ಒಳಗೆ ಸೇರಿದರೂ ಹೊಸ ಸೀಲು ಹಳತಾಗುತ್ತದೆ. ಆ ಹಿರಿಯರು ಮೆಕ್ಯಾನಿಕ್ ಕೆಲಸಕ್ಕಿಂತ ತೊಳೆಯುವ ಕೆಲಸಕ್ಕೇ ಹೆಚ್ಚು ಹೊತ್ತು ಕೊಟ್ಟರು.

ರ‍್ಯಾಕ್ ಇರುವ ಕಾರುಗಳಲ್ಲಿ ಎರಡು ತುದಿಯ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಬೇಕು. ಎಣ್ಣೆ ಕಂಡರೆ ಒಳಸೀಲು ಹೋಗಿದೆಯೆಂದೇ ಅರ್ಥ. ರ‍್ಯಾಕಿನ ದಂಡ ತುಕ್ಕು ತಿಂದು ಕುಳಿಬಿದ್ದಿದ್ದರೆ ಸೀಲು ಬದಲಿಸಿ ಫಲವಿಲ್ಲ; ಅಲ್ಲಿ ಮಾತ್ರ ನಾವು ಹಟ ಬಿಡಬೇಕು. ಟೈ ರಾಡ್ ಬಿಚ್ಚಿದವರು ಕಡೆಗೆ ಅಲೈನ್‌ಮೆಂಟ್ ಮಾಡಿಸದೆ ರಸ್ತೆಗಿಳಿಯಕೂಡದು.

ಗಾಳಿ ಹೊರಗೆಡಹುವ ಕೆಲಸದಲ್ಲಿ ಅವಸರ ಸಲ್ಲದು. ಮುಂದಿನ ಚಕ್ರಗಳನ್ನು ಜಾಕಿಯಿಂದೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡದೆಯೇ ಸ್ಟಿಯರಿಂಗನ್ನು ಎರಡು ಕೊನೆಗಳಿಗೂ ಹಲವು ಬಾರಿ ನಿಧಾನವಾಗಿ ತಿರುಗಿಸುತ್ತ ಎಣ್ಣೆ ತುಂಬಿಸಬೇಕು. ನೊರೆ ನಿಂತ ಮೇಲೆ ಇಂಜಿನ್. ಕೊನೆಯ ತಿರುವಿನಲ್ಲಿ ಹಿಡಿದೇ ಇದ್ದರೆ ಒತ್ತಡವೇರಿ ಪಂಪು ಬಿಸಿಯಾಗುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡಾಗ, ಹೊಳಪಿನ ಹಿಂದೆ ಇಂಥ ಕಾಣದ ಕೈಗೆಲಸ ಎಷ್ಟಿರಬೇಕೆಂಬುದು ಹೊಳೆಯಿತು. ನಿಲ್ಲಿಸಿಟ್ಟ ಕಾರಿನ ಸೀಲುಗಳು ಒಣಗಿ ಬಿರಿಯುತ್ತವೆ. ಆಗಾಗ ಚಲಾಯಿಸುವುದೇ ಅದಕ್ಕೆ ಮದ್ದು. ಬಂಧುಗಳು ಈಗ ವಾರಕ್ಕೊಮ್ಮೆ ಸಂತೆಗೆ ಆ ಕಾಂಟೆಸಾದಲ್ಲೇ ಹೋಗುತ್ತಾರೆ. ಹೊರಡುವ ಮುನ್ನ ಮನೆಯವರೇ ಮುಚ್ಚಳ ತೆಗೆದು ಎಣ್ಣೆಯ ಗೆರೆ ನೋಡುತ್ತಾರೆ, ಇನ್ನೂ ಇಳಿದಿಲ್ಲವಂತೆ.