ಮಲ್ಪೆಯಾಚೆಯ ಕಲ್ಲುಕಂಬ: ನೋಡಿ ಬನ್ನಿ, ಹೊತ್ತು ತರಬೇಡಿ

ಉಡುಪಿಯ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಮಲ್ಪೆ ಬಸ್ಸಿಗೆ ಕಾಯುವವರಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕಾಲಿಟ್ಟವರೆಷ್ಟು ಮಂದಿ? ಕೇಳಿ ನೋಡಿದರೆ ಬರುವ ಉತ್ತರ, ‘ಅಲ್ಲಿ ಎಂತ ಉಂಟು ಮಾರಾಯ್ರೆ, ಬರೀ ಕಲ್ಲು!’

ಕಲ್ಲೇ ಹೌದು. ಆದರೆ ಎಂಥ ಕಲ್ಲು ಎಂಬುದರಲ್ಲೇ ಇದೆ ಸ್ವಾರಸ್ಯ.

ಉಳಿ ಮುಟ್ಟದ ಕಂಬ

ನಮ್ಮ ಕರಾವಳಿಯಲ್ಲಿ ಬಾವಿ ತೋಡಿದರೆ ಸಿಗುವುದು ಮುರಕಲ್ಲು. ಅದಕ್ಕೂ ದ್ವೀಪದ ಈ ಕಲ್ಲಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಬಂದ ಲಾವಾರಸ ಇಲ್ಲಿ ಗಟ್ಟಿಯಾಯಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಇದೂ ಹೆಚ್ಚುಕಡಿಮೆ ಅದೇ ಲೆಕ್ಕ. ಕಾದ ರಸ ತಣಿಯುತ್ತ ಕುಗ್ಗಿತು. ಕುಗ್ಗಿದಲ್ಲಿ ಬಿರುಕು ಮೂಡಿತು. ಬಿರುಕು ಆಳಕ್ಕಿಳಿದಂತೆ ಐದು, ಆರು, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಯಾವ ಶಿಲ್ಪಿಯೂ ಉಳಿ ಹಿಡಿದಿಲ್ಲ.

ಆ ಕಾಲಕ್ಕೆ ಮಡಗಾಸ್ಕರ್ ದ್ವೀಪ ನಮ್ಮ ನೆಲಕ್ಕೇ ಅಂಟಿಕೊಂಡಿತ್ತು. ಎರಡೂ ಬೇರ್ಪಡುವ ಹೊತ್ತಿನಲ್ಲಿ ಉಕ್ಕಿದ ಬೆಂಕಿಯ ಗುರುತು ಈ ಕಂಬಗಳು. ಅದೇ ವಯಸ್ಸಿನ ಅಗ್ನಿಶಿಲೆ ಮಡಗಾಸ್ಕರಿನಲ್ಲೂ ಇದೆ. ಮನೆ ಪಾಲಾದರೂ ಗೋಡೆಯ ಗುರುತು ಉಳಿದ ಹಾಗೆ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದು ಸುಮ್ಮನೆ ಅಲ್ಲ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿ ಮಾತೆಯ ಹೆಸರಿಟ್ಟನೆಂಬುದು ಜನ ಹೇಳುತ್ತ ಬಂದ ಮಾತು. ಕಲ್ಲಿನ ವಯಸ್ಸಿನ ಮುಂದೆ ಗಾಮನ ಕಾಲ ನಿನ್ನೆ ಮೊನ್ನೆಯದು.

ಚಿಪ್ಪಿಗೂ ವಾರಸುದಾರರುಂಟು

ದ್ವೀಪದ ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿ. ಮರುವಾಯಿ ಸುಕ್ಕ ತಿಂದು ಬೆಳೆದವರಿಗೆ ಚಿಪ್ಪೇನೂ ಹೊಸತಲ್ಲ. ಆದರೂ ಅಲ್ಲಿಗೆ ಹೋದೊಡನೆ ಮಕ್ಕಳ ಜೇಬು, ದೊಡ್ಡವರ ಚೀಲ ಎರಡೂ ತುಂಬುತ್ತವೆ. ‘ಒಂದು ಹಿಡಿ ತಂದರೆ ಏನು ಮಹಾ?’ ಎನ್ನಬಹುದು. ಒಬ್ಬರಿಗೆ ಒಂದು ಹಿಡಿ. ರಜೆಯ ದಿನ ದೋಣಿ ತುಂಬ ಬರುವವರೆಲ್ಲ ಒಂದೊಂದು ಹಿಡಿ ಎತ್ತಿದರೆ? ವ್ಯಾಪಾರಿಗಳಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಬದುಕುವ ಏಡಿಗಳಿವೆ. ಮೈ ಬೆಳೆದಂತೆ ಅವಕ್ಕೆ ದೊಡ್ಡ ಚಿಪ್ಪು ಬೇಕು. ಅದು ಪ್ರವಾಸಿಯ ಷೋಕೇಸಿನಲ್ಲಿ ಕೂತರೆ ಏಡಿ ಎಲ್ಲಿಗೆ ಹೋಗಬೇಕು? ಉಳಿದ ಚಿಪ್ಪು ಅಲೆಗೆ ಸಿಕ್ಕಿ ಪುಡಿಯಾಗಿ ದಡವಾಗುತ್ತದೆ. ಮೇಲೆ ಗರುಡ ಸುತ್ತುತ್ತಿರುತ್ತದೆ. ಚಳಿಗಾಲದಲ್ಲಿ ಉತ್ತರದ ಚಳಿ ನಾಡುಗಳಿಂದ ಕಡಲಹಕ್ಕಿಗಳು ಈ ಕರಾವಳಿಗೆ ಬರುತ್ತವೆ. ತಿಂಡಿ ಎಸೆದು, ಕೂಗು ಹಾಕಿ ಅವುಗಳನ್ನು ಎಬ್ಬಿಸುವುದು ಬೇಡ. ದೂರದಿಂದ ನೋಡಿದರೂ ಕಾಸಿಗೆ ಮೋಸವಿಲ್ಲ.

ಹೋಗುವ ಬಗೆ

ಒಂದು ದಿನ ಸಾಕು. ಕಾರು ಬೇಕೆಂದಿಲ್ಲ, ಬಸ್ಸಿಗೆ ಹತ್ತಿ ಮಲ್ಪೆಗೆ, ಅಲ್ಲಿಂದ ದೋಣಿಗೆ. ಮಳೆಗಾಲದಲ್ಲಿ ಕಡಲು ಕೆಡುವುದರಿಂದ ದೋಣಿ ಇಲ್ಲ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲಿನ ಕಾಟ ಕಡಿಮೆ. ಕುಡಿಯುವ ನೀರು ಮನೆಯ ಬಾಟಲಿಯಲ್ಲಿ, ಬುತ್ತಿ ಸ್ಟೀಲ್ ಡಬ್ಬಿಯಲ್ಲಿ ಇರಲಿ. ದ್ವೀಪದಲ್ಲಿ ಜನವಸತಿಯಿಲ್ಲ. ಅಲ್ಲಿ ಬಿಟ್ಟುಬಂದ ಪ್ರತಿ ಪೊಟ್ಟಣವನ್ನು ಇನ್ನೊಬ್ಬರು ದೋಣಿಯಲ್ಲೇ ವಾಪಸು ತರಬೇಕು. ತರದಿದ್ದರೆ ಅದು ಕಡಲಿಗೆ, ಕೊನೆಗೆ ಮೀನಿನ ಹೊಟ್ಟೆಗೆ.

ಇನ್ನೊಂದು ಮಾತು. ಪಾಚಿ ಹಿಡಿದ ಬಂಡೆ ಜಾರುತ್ತದೆ, ಬದಿಯಲ್ಲೇ ಆಳ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಫೋಟೋದ ಆಸೆಗೆ ಅಂಚಿಗೆ ಹೋಗುವವರು, ಈಜು ಬರುತ್ತದೆಂದು ಎಲ್ಲೆಂದರಲ್ಲಿ ಇಳಿಯುವವರು ಇದನ್ನು ನೆನಪಿಡಬೇಕು.

ಅಂಗಡಿಯವರಿಗೂ ಒಂದು ಪಾಲು

ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳಿಗೆ ದೇಶಕ್ಕೇ ನಿಷೇಧ. ಕಾನೂನು ಕಾಗದದಲ್ಲಿ ಉಂಟು. ಅದು ದ್ವೀಪದವರೆಗೆ ತಲುಪಬೇಕಾದರೆ ಮೊದಲು ಅಂಗಡಿಯ ಕೌಂಟರ್ ದಾಟಬೇಕು. ‘ಚೀಲ ತಂದಿದ್ದೀರಾ?’ ಎಂದು ಗಿರಾಕಿಯನ್ನು ಕೇಳಲು ಬಂಡವಾಳ ಬೇಡ.

ಕಂಬದ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೂ ಅದೇ ಮಾತು. ಪ್ರೀತಿಯನ್ನು ಬೇರೆಲ್ಲಾದರೂ ಬರೆಯಬಹುದು. ಇಂಥ ಕಲ್ಲನ್ನು ಇನ್ನೊಮ್ಮೆ ಎರಕ ಹೊಯ್ಯುವ ಕುಲುಮೆ ಯಾವ ಊರಲ್ಲೂ ಇಲ್ಲ.